ಸೊಸೆಯ ತಪ್ಪಲ್ಲ, ಹಾರ್ಮೋನಿನ ಏರುಪೇರು

ಮದುವೆಯಾಗಿ ವರ್ಷ ತುಂಬುವಷ್ಟರಲ್ಲಿ ‘ವಿಶೇಷವೇನಾದರೂ ಇದೆಯೇ?’ ಎಂದು ಬಂಧುಗಳು ಕೇಳತೊಡಗುತ್ತಾರೆ. ಎರಡು ವರ್ಷವಾದರೆ ಹರಕೆ, ಮೂರಾದರೆ ಪಿಸುಮಾತು. ಮೊರಪ್ಪೂರಿನಂಥ ಚಿಕ್ಕ ಊರಿನಲ್ಲಿ ಅಂಗಡಿ ಇಟ್ಟುಕೊಂಡ ಕುಟುಂಬಗಳಿಗೆ ಇದು ಹೊಸತಲ್ಲ. ಧರ್ಮಪುರಿಗೋ ಸೇಲಂಗೋ ಹೋಗಿ ಸ್ಕ್ಯಾನ್ ಮಾಡಿಸಿದಾಗ ಚೀಟಿಯಲ್ಲಿ ‘ಪಿ.ಸಿ.ಓ.ಎಸ್.’ ಎಂದು ಬರೆದಿದ್ದರೆ ಮನೆಗೆ ಮಂಕು ಕವಿಯುತ್ತದೆ. ಅಷ್ಟು ಹೆದರಬೇಕಾಗಿಲ್ಲ.

1935ರಲ್ಲಿ ಷಿಕಾಗೋದ ವೈದ್ಯರಾದ ಸ್ಟೈನ್ ಮತ್ತು ಲೆವೆಂಥಾಲ್ ಏಳು ಮಹಿಳೆಯರಲ್ಲಿ ಈ ತೊಂದರೆಯನ್ನು ಗುರುತಿಸಿ ವಿವರಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಹೆರುವ ವಯಸ್ಸಿನ ನೂರರಲ್ಲಿ 6ರಿಂದ 13 ಮಹಿಳೆಯರಿಗೆ ಇದು ಇರುತ್ತದೆ. ಸ್ಕ್ಯಾನಿನಲ್ಲಿ ಕಾಣುವ ‘ಗುಳ್ಳೆಗಳು’ ಗಡ್ಡೆಯಲ್ಲ. ಅರ್ಧಕ್ಕೇ ಬೆಳವಣಿಗೆ ನಿಂತ ಅಂಡಕೋಶಗಳು.

ಬೆಳವಣಿಗೆ ಏಕೆ ನಿಲ್ಲುತ್ತದೆ? ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯಿಂದ ಎಫ್.ಎಸ್.ಎಚ್. ಮತ್ತು ಎಲ್.ಎಚ್. ಎಂಬ ಎರಡು ಹಾರ್ಮೋನುಗಳು ಬರುತ್ತವೆ. ಮೊದಲನೆಯದು ಅಂಡಕೋಶವನ್ನು ಬೆಳೆಸುತ್ತದೆ. ಈ ತೊಂದರೆಯಲ್ಲಿ ಅನೇಕರಿಗೆ ಎರಡನೆಯದು ಮಿತಿಮೀರುತ್ತದೆ. ಜೊತೆಗೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ರಕ್ತದಲ್ಲಿ ಹೆಚ್ಚಾಗುತ್ತದೆ. ಅದು, ಅದನ್ನೇ ಹೋಲುವ ಐ.ಜಿ.ಎಫ್. ಎಂಬ ಬೆಳವಣಿಗೆಯ ಅಂಶ, ಎಲ್.ಎಚ್. ಮೂರೂ ಸೇರಿ ಅಂಡಾಶಯದಲ್ಲಿ ಪುರುಷ ಹಾರ್ಮೋನನ್ನು ಹೆಚ್ಚಿಸುತ್ತವೆ. ಮುಟ್ಟು ತಪ್ಪುವುದು, ಮೊಡವೆ, ಗಲ್ಲದ ಮೇಲೆ ಕೂದಲು ಇವೆಲ್ಲ ಅದರ ಫಲ.

ಆದ್ದರಿಂದ ಮೊದಲ ಚಿಕಿತ್ಸೆ ಅಡುಗೆಮನೆಯಲ್ಲಿದೆ. ತೂಕ ಹೆಚ್ಚಿದ್ದವರು ನೂರಕ್ಕೆ ಐದರಷ್ಟು ಇಳಿಸಿದರೂ ಎಷ್ಟೋ ಮಂದಿಗೆ ಮುಟ್ಟು ಕ್ರಮಕ್ಕೆ ಬರುತ್ತದೆ. ಸೂರ್ಯಾಸ್ತದೊಳಗೆ ಊಟ ಮುಗಿಸುವುದು ಒಳ್ಳೆಯದೇ. ಆದರೆ ಪಾರಣೆಯ ದಿನ ಜಿಲೇಬಿ, ಹಲ್ವಾ ರಾಶಿ ಹಾಕಿದರೆ ಪ್ರಯೋಜನವೇನು? ಹೆಸರುಬೇಳೆ, ಮಜ್ಜಿಗೆ, ಸೊಪ್ಪು ಇರಲಿ. ದಿನವೂ ಅರ್ಧ ಗಂಟೆ ಬಿರುಸಾಗಿ ನಡೆಯಲಿ. ಮಾತ್ರೆ ತೆಗೆದುಕೊಳ್ಳುವವರು ದೀರ್ಘ ಉಪವಾಸಕ್ಕೆ ಮುನ್ನ ವೈದ್ಯರನ್ನು ಕೇಳಬೇಕು.

ಅಷ್ಟರಿಂದ ಆಗದಿದ್ದರೆ ಮಾತ್ರೆಗಳಿವೆ. ಹಿಂದೆ ಕ್ಲೋಮಿಫಿನ್ ಮುಖ್ಯವಾಗಿತ್ತು. ಈಗ ಲೆಟ್ರೊಜೋಲ್ ಮೊದಲ ಆಯ್ಕೆ. 2011ರಲ್ಲಿ ನಮ್ಮ ದೇಶದಲ್ಲಿ ಬಂಜೆತನಕ್ಕೆ ಇದನ್ನು ಕೊಡಬಾರದೆಂದು ನಿಷೇಧಿಸಲಾಗಿತ್ತು. 2017ರಲ್ಲಿ ಆ ನಿಷೇಧ ತೆರವಾಯಿತು. 2014ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, 750 ಮಹಿಳೆಯರ ಅಧ್ಯಯನದಲ್ಲಿ ಲೆಟ್ರೊಜೋಲ್ ಪಡೆದವರಲ್ಲಿ ನೂರಕ್ಕೆ 27.5, ಕ್ಲೋಮಿಫಿನ್ ಪಡೆದವರಲ್ಲಿ 19.1 ಮಂದಿಗೆ ಮಗುವಾಯಿತು. ಹಾರ್ಮೋನು ಚುಚ್ಚುಮದ್ದು ಅದರ ನಂತರದ ಮೆಟ್ಟಿಲು. ಪಿ.ಸಿ.ಓ.ಎಸ್. ಇದ್ದವರಲ್ಲಿ ಅದರಿಂದ ಒಮ್ಮೆಗೇ ಬಹಳ ಅಂಡಕೋಶಗಳು ಬೆಳೆಯಬಹುದು. ಆಗ ವಿ.ಇ.ಜಿ.ಎಫ್. ಎಂಬ ಇನ್ನೊಂದು ಬೆಳವಣಿಗೆಯ ಅಂಶ ಹೆಚ್ಚಿ, ರಕ್ತನಾಳಗಳಿಂದ ನೀರು ಸೋರಿ ಹೊಟ್ಟೆ ಉಬ್ಬಬಹುದು. ಹಾಗಾಗಿ ಆಗಾಗ ಸ್ಕ್ಯಾನ್ ಮಾಡದೆ ಅದನ್ನು ಕೊಡುವಲ್ಲಿಗೆ ಹೋಗಬೇಡಿ.

ಕೊನೆಯದಾಗಿ ಅತ್ತೆಯಂದಿರಿಗೊಂದು ಮಾತು. ಸೊಸೆಯ ಚಿಕಿತ್ಸೆಗೆ ಹಣ ಸುರಿಯುವ ಮೊದಲು ಮಗನ ವೀರ್ಯ ಪರೀಕ್ಷೆಯೂ ಆಗಲಿ. ಖರ್ಚು ಕಡಿಮೆ, ನೋವಿಲ್ಲ. ಅಂಗಡಿಯ ಲೆಕ್ಕದಲ್ಲಿ ಒಂದೇ ಕಡೆಯ ಪುಟ ನೋಡಿ ನಷ್ಟ ಯಾರದೆಂದು ಹೇಳುತ್ತೇವೆಯೇ?