ಸೇಲಂ ಜಿಲ್ಲೆಯ ಇಪ್ಪತ್ತಮೂರು ಗಂಟೆಯ ದಿನ

1942ರ ಸೆಪ್ಟೆಂಬರ್ 1ರಂದು ಸೇಲಂ ಜಿಲ್ಲೆಗೆ ಸಿಕ್ಕಿದ್ದು 23 ಗಂಟೆ ಮಾತ್ರ. ಎರಡನೇ ಮಹಾಯುದ್ಧದ ನಡುವೆ ಬ್ರಿಟಿಷ್ ಸರ್ಕಾರ ದೇಶದ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿತ್ತು. ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿದ್ದ ನಮ್ಮ ಕಾಲಮಾನ ಆರೂವರೆ ಗಂಟೆ ಮುಂದಾಯಿತು. 1945ರ ಅಕ್ಟೋಬರ್ 15ಕ್ಕೆ ಮತ್ತೆ ಹಳೆಯ ಲೆಕ್ಕಕ್ಕೆ ಬಂತು. ಧರ್ಮಪುರಿ ಆಗ ಸೇಲಂ ಜಿಲ್ಲೆಗೇ ಸೇರಿತ್ತು, ಬೇರೆ ಜಿಲ್ಲೆಯಾದದ್ದು 1965ರಲ್ಲಿ. ಹೊಸೂರು, ಡೆಂಕಣಿಕೋಟೆಯ ಕನ್ನಡದ ಮನೆಗಳೂ ಆ ಮೂರು ವರ್ಷ ಯುದ್ಧಕಾಲದ ಗಡಿಯಾರವನ್ನೇ ನೋಡಿದವು.

ನಮ್ಮ ಕಾಲಮಾನಕ್ಕೆ ಆಧಾರ 82.5 ಡಿಗ್ರಿ ಪೂರ್ವ ರೇಖಾಂಶ. ಧರ್ಮಪುರಿ ಅದಕ್ಕಿಂತ ನಾಲ್ಕು ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿರುವುದರಿಂದ ಅಲ್ಲಿ ಸೂರ್ಯ ನೆತ್ತಿಗೇರುವುದು ಸರಾಸರಿ 12.17ಕ್ಕೆ. ಯುದ್ಧಕಾಲದಲ್ಲಿ ಅದು 1.17 ಆಯಿತು. ಆಗ ಹುಟ್ಟಿದವರ ಜಾತಕ ಬರೆಯುವಾಗ ಒಂದು ಗಂಟೆ ಕಳೆಯದಿದ್ದರೆ ಲಗ್ನವೇ ಬದಲಾಗಬಹುದು. ಒಂದು ಲಗ್ನ ಇರುವುದೇ ಸರಾಸರಿ ಎರಡು ಗಂಟೆ.

ಈ ಹಳೆಯ ಕಥೆ ಇಂದಿನ ಕಂಪ್ಯೂಟರಿನೊಳಗೆ ಇನ್ನೂ ಜೀವಂತವಾಗಿದೆ. ಜಗತ್ತಿನ ಕಾಲವಲಯಗಳ ಬದಲಾವಣೆಗಳನ್ನು ದಾಖಲಿಸುವ ಒಂದು ದತ್ತಸಂಚಯವನ್ನು ಆರ್ಥರ್ ಡೇವಿಡ್ ಓಲ್ಸನ್ 1980ರ ದಶಕದಲ್ಲಿ ಶುರು ಮಾಡಿದರು. ನಮ್ಮ ಫೋನು, ಸರ್ವರುಗಳಲ್ಲಿ ಹೆಚ್ಚಿನವು ನೋಡುವುದು ಅದನ್ನೇ. ಅದರಲ್ಲಿ ‘ಏಷ್ಯಾ/ಕೋಲ್ಕತ್ತ’ ಎಂಬ ಹೆಸರಿನಡಿ ಈ ಯುದ್ಧಕಾಲವೂ ಇದೆ.

ಧರ್ಮಪುರಿಯ ಅಜ್ಜಿಯೊಬ್ಬರು 1943ರ ಜೂನ್ 10ರಂದು ಹುಟ್ಟಿದರು ಎನ್ನಿ. ಫಾರಂನಲ್ಲಿ ಕೇಳಿರುವುದು ತಾರೀಖು ಮಾತ್ರ. ಆದರೆ ಪ್ರೋಗ್ರಾಂ ಅದನ್ನು ‘ಜೂನ್ 10, ನಡುರಾತ್ರಿ 12 ಗಂಟೆ’ ಎಂಬ ಕ್ಷಣವಾಗಿ ಹಿಡಿಯುತ್ತದೆ. ಅಂದಿನ ಆರೂವರೆ ಗಂಟೆ ಕಳೆದು, ಯುಟಿಸಿ, ಅಂದರೆ ಗ್ರೀನಿಚ್‌ಗೆ ಸಮನಾದ ಜಾಗತಿಕ ಕಾಲಮಾನದ ಲೆಕ್ಕದಲ್ಲಿ ಜೂನ್ 9ರ ಸಂಜೆ 5.30 ಎಂದು ಬರೆದಿಡುತ್ತದೆ. ಓದುವ ಇನ್ನೊಂದು ಪ್ರೋಗ್ರಾಮಿಗೆ ಯುದ್ಧದ ವಿಷಯ ಗೊತ್ತಿಲ್ಲ, ಅದು ಐದೂವರೆ ಗಂಟೆಯನ್ನಷ್ಟೇ ಕೂಡಿಸುತ್ತದೆ. ಬಂದ ಉತ್ತರ ಜೂನ್ 9ರ ರಾತ್ರಿ 11 ಗಂಟೆ. ಅಜ್ಜಿಯ ಹುಟ್ಟುದಿನ ಒಂದು ದಿನ ಹಿಂದಕ್ಕೆ ಜಾರಿತು. ಗುರುತಿನ ಚೀಟಿಗೂ ಪಿಂಚಣಿ ಕಡತಕ್ಕೂ ತಾಳೆಯಾಗಲಿಲ್ಲ. ಎಂಬತ್ತು ದಾಟಿದವರನ್ನು ಇಂಥದ್ದಕ್ಕಾಗಿ ಕಚೇರಿಗೆ ಅಲೆಸುವುದು ಅನ್ಯಾಯ.

ದಿನಗಳನ್ನು ಎಣಿಸುವಲ್ಲೂ ಇದೇ ತೊಡಕು. 1942ರ ಆಗಸ್ಟ್ 15ರಿಂದ ಸೆಪ್ಟೆಂಬರ್ 15ಕ್ಕೆ 31 ದಿನ. ನಡುರಾತ್ರಿಯಿಂದ ನಡುರಾತ್ರಿಗೆ ಗಂಟೆ ಎಣಿಸಿದರೆ 744ರ ಬದಲು 743 ಸಿಗುತ್ತದೆ. ಅದನ್ನು 24ರಿಂದ ಭಾಗಿಸಿ ಶೇಷ ಬಿಟ್ಟರೆ 30. ವಿಚಿತ್ರವೆಂದರೆ, 1940ರಿಂದ 1950ರವರೆಗೆ ಎಣಿಸಿದರೆ ತಪ್ಪೇ ಕಾಣುವುದಿಲ್ಲ, ಕಳೆದ ಗಂಟೆ ಅಷ್ಟರಲ್ಲಿ ಮರಳಿ ಬಂದಿರುತ್ತದೆ. ಪರೀಕ್ಷೆಯಲ್ಲಿ ಪಾಸಾದ ಪ್ರೋಗ್ರಾಂ ಬಳಕೆಯಲ್ಲಿ ಎಡವುವುದು ಹೀಗೆ.

ಅಮೆರಿಕದ ಬಹುಭಾಗದಲ್ಲಿ ಗಡಿಯಾರದ ಈ ಬದಲಾವಣೆ ವರ್ಷಕ್ಕೆ ಎರಡು ಸಲ. ಅಲ್ಲಿ ಮಾರ್ಚಿನ ಎರಡನೇ ಭಾನುವಾರ ಗಡಿಯಾರ ಮುಂದಕ್ಕೆ, ನವೆಂಬರಿನ ಮೊದಲ ಭಾನುವಾರ ಹಿಂದಕ್ಕೆ. ಕ್ಯಾಲಿಫೋರ್ನಿಯಾದ ಮಗಳಿಗೂ ಹೊಸೂರಿನ ತಾಯಿಗೂ ನಡುವಿನ ಅಂತರ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ. ನ್ಯೂಯಾರ್ಕಿನಲ್ಲಿ ಅತಿ ದೀರ್ಘ ಹಗಲಿಗೂ ಅತಿ ಕಿರಿದಾದ ಹಗಲಿಗೂ ಸುಮಾರು ಆರು ಗಂಟೆ ವ್ಯತ್ಯಾಸವಿರುವುದರಿಂದ ಅಲ್ಲಿ ಈ ಪದ್ಧತಿಗೆ ಒಂದಿಷ್ಟು ಅರ್ಥವಿದೆ. ಧರ್ಮಪುರಿಯಲ್ಲಿ ಆ ವ್ಯತ್ಯಾಸ ಒಂದೂವರೆ ಗಂಟೆಯೂ ಇಲ್ಲ.

ಪರಿಹಾರ ಕಷ್ಟದ್ದಲ್ಲ. ಹುಟ್ಟುದಿನ, ರಜೆ, ಬಡ್ಡಿಯ ಅವಧಿ ಇವೆಲ್ಲ ಕ್ಯಾಲೆಂಡರಿನ ದಿನಗಳು. ಅವನ್ನು ಗಂಟೆಯಿಲ್ಲದ ಬರೀ ತಾರೀಖಾಗಿಯೇ ಉಳಿಸಿ, ತಾರೀಖಿನಿಂದಲೇ ಎಣಿಸಬೇಕು. ನಾಳೆ ಬೇಕಿದ್ದರೆ ‘ಒಂದು ದಿನ’ ಕೂಡಿಸಬೇಕು, 24 ಗಂಟೆಯನ್ನಲ್ಲ. ಫೋನ್ ಕರೆ, ಹಣದ ವರ್ಗಾವಣೆಯಂಥ ಕ್ಷಣಗಳಿಗೆ ಮಾತ್ರ ಯುಟಿಸಿ. ಒಂದು ದಿನದ ವಹಿವಾಟು ಬೇಕೆಂದರೆ ಆ ದಿನದ ಆರಂಭದಿಂದ ಮರುದಿನದ ಆರಂಭದೊಳಗೆ ಬಂದದ್ದನ್ನು ಹುಡುಕಬೇಕು. ಆ ಆರಂಭ ನಡುರಾತ್ರಿ 12 ಎಂದು ಊಹಿಸುವಂತಿಲ್ಲ: ದತ್ತಸಂಚಯದ ಪ್ರಕಾರ 1942ರ ಸೆಪ್ಟೆಂಬರ್ 1 ಶುರುವಾದದ್ದೇ ರಾತ್ರಿ ಒಂದು ಗಂಟೆಗೆ.

ಜನ್ಮದಿನಾಂಕ ಕೇಳುವ ತಂತ್ರಾಂಶ ಬರೆಯುವವರು ಬಿಡುಗಡೆಗೆ ಮುಂಚೆ 1943ರ ಒಂದು ತಾರೀಖನ್ನು ತುಂಬಿ, ಉಳಿಸಿ, ಮತ್ತೆ ತೆರೆದು ನೋಡಿ. ತುಂಬಿದ ತಾರೀಖೇ ಹಿಂದಿರುಗಿ ಬರಬೇಕು.