ಚಿನ್ನದ ಗಣಿಯ ಸೀಮೆಯಲ್ಲಿ ಎರಡು ದಿನ

“ದೇಶ ಸುತ್ತು, ಕೋಶ ಓದು” ಎಂದು ನಮ್ಮ ಹಿರಿಯರು ಹೇಳಿರುವರು. ಈಗಿನ ಕಾಲದಲ್ಲಿ ದೇಶವನ್ನು ಸುತ್ತುವುದಕ್ಕೆ ಅನುಕೂಲಗಳ ಕೊರತೆಯಿಲ್ಲ. ಬೇಸಗೆಯ ರಜ ಬಂದಿತೆಂದರೆ ಒಬ್ಬರು ಕಾಶ್ಮೀರವೆನ್ನುವರು, ಇನ್ನೊಬ್ಬರು ಸಿಂಗಪುರವೆನ್ನುವರು. ಮಕ್ಕಳು ಕಡಲಾಚೆ ನೆಲಸಿರುವ ತಂದೆತಾಯಿಗಳು ಅಮೆರಿಕಾ ದೇಶಕ್ಕೇ ಹೋಗಿ ನಯಾಗರದ ಜಲಪಾತವನ್ನೂ ಅರಿಜೋನ ಪ್ರಾಂತದ ಮಹಾಕಣಿವೆಯನ್ನೂ ಕಂಡು ಬರುವರು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಮನೆಯಿಂದ ಎರಡು ಮೂರು ಗಂಟೆಯ ಪ್ರಯಾಣದೊಳಗಿರುವ ಅದ್ಭುತಗಳನ್ನು ಕಾಣದೆಯೇ ಆಯುಷ್ಯವನ್ನು ಕಳೆಯುವವರು ನಮ್ಮಲ್ಲಿ ಬಹು ಮಂದಿ. ನಾವೂ ಆ ಗುಂಪಿಗೇ ಸೇರಿದವರಾಗಿದ್ದೆವೆಂದು ವಾಚಕರಲ್ಲಿ ಒಪ್ಪಿಕೊಳ್ಳಬೇಕು.

ನಮ್ಮ ಅಣ್ಣನವರು ಬಹುಕಾಲದಿಂದ ಅಮೆರಿಕಾದಲ್ಲಿರುವರು. ಈ ಸಲ ಅವರು ಸಂಸಾರ ಸಮೇತರಾಗಿ ಬೆಂಗಳೂರಿಗೆ ಬಂದಾಗ ನಮ್ಮ ತಾಯಿಯವರು ಒಂದೇ ಒಂದು ಆಸೆಯನ್ನು ಮುಂದಿಟ್ಟರು. ಅವರಿಗೆ ಈಗ ಎಂಬತ್ತು ದಾಟಿದೆ. ಅವರ ತಂದೆ ಕೋಲಾರದ ಚಿನ್ನದ ಗಣಿಯ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ತಾಯಿಯವರು ಹುಟ್ಟಿ ಬೆಳೆದುದು ಉರಿಗಾಮಿನಲ್ಲಿ. ಮದುವೆಯಾಗಿ ಬಂದಮೇಲೆ ತವರನ್ನು ಕಂಡುದು ಎರಡು ಮೂರು ಬಾರಿ ಮಾತ್ರ. “ಕಣ್ಣು ಮುಚ್ಚುವುದರೊಳಗೆ ಆ ಊರನ್ನೊಮ್ಮೆ ತೋರಿಸಿರಪ್ಪ” ಎಂದರು.

ಅಣ್ಣನ ಹಿರಿಯ ಮಗನಿಗೆ ಹದಿನಾಲ್ಕು ವರ್ಷ. ಹೋದ ವರ್ಷವಷ್ಟೇ ಮಹಾಕಣಿವೆಯ ಅಂಚಿನಲ್ಲಿ ನಿಂತು ಬಂದ ಹುಡುಗ. “ಅಜ್ಜಿ, ಅಲ್ಲಿ ನೋಡುವುದಕ್ಕೆ ಏನಿದೆ?” ಎಂದು ಕೇಳಿದನು.

“ಮೇಲೆ ಹೆಚ್ಚೇನೂ ಇಲ್ಲ ಮಗು. ಎಲ್ಲಾ ಕೆಳಗಿದೆ” ಎಂದರು ತಾಯಿಯವರು.

ಹೀಗೆ ನಮ್ಮ ಎರಡು ದಿನಗಳ ಯಾತ್ರೆ ಗೊತ್ತಾಯಿತು. ಮೊದಲನೆಯ ದಿನ ಕೋಲಾರ ಮುಳಬಾಗಿಲುಗಳ ಕಡೆಯ ದೇವಸ್ಥಾನಗಳು, ರಾತ್ರಿ ಬಂಗಾರಪೇಟೆಯಲ್ಲಿ ವಸತಿ, ಎರಡನೆಯ ದಿನ ಗಣಿಯ ಊರು ಎಂದು ನಿಶ್ಚಯಿಸಿದೆವು.

ಬೆಂಗಳೂರಿನಿಂದ ಬಂಗಾರಪೇಟೆಗೆ ರೈಲಿನಲ್ಲಿ ಸುಮಾರು ೭೦ ಕಿಲೋಮೀಟರು. ಬೆಳಗಿನ ಹೊತ್ತಿನಲ್ಲಿ ನಮ್ಮ ಗಾಡಿಯಲ್ಲಿ ಕುಳಿತುಕೊಳ್ಳಲು ಬೇಕಾದಷ್ಟು ಸ್ಥಳವಿದ್ದಿತು. ಆದರೆ ಎದುರಿನಿಂದ ಬೆಂಗಳೂರಿಗೆ ಹೋಗುವ ಗಾಡಿಗಳಲ್ಲಿ ಜನರು ಬಾಗಿಲಿಗೆ ಜೋತುಬಿದ್ದಿದ್ದರು. ಇದರ ಅರ್ಥ ನಮಗೆ ಆಗ ತಿಳಿಯಲಿಲ್ಲ, ಮರುದಿನ ತಿಳಿಯಿತು.

ಬಂಗಾರಪೇಟೆಯೆಂಬ ಹೆಸರು ಚಿನ್ನದಿಂದ ಬಂದುದೆಂದು ಅನೇಕರು ನಂಬಿರುವರು. ಮೊದಲು ಅದು ಬೌರಿಂಗ್‌ಪೇಟೆ. ೧೮೬೨ರಿಂದ ೧೮೭೦ರವರೆಗೆ ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ದೊರೆಯ ಹೆಸರಿನ ಊರು. ಜನರ ನಾಲಗೆಯಲ್ಲಿ ದೊರೆಯ ಹೆಸರು ಸವೆದು ಬಂಗಾರವಾಯಿತು. ಈ ತಾಲ್ಲೂಕಿನ ಬೂದಿಕೋಟೆಯೇ ಹೈದರಾಲಿಯು ಹುಟ್ಟಿದ ಸ್ಥಳ. ಈಗಿನ ಮಕ್ಕಳಿಗಾದರೋ ಬಂಗಾರಪೇಟೆಯೆಂದರೆ ನೀರಿನಂತೆ ತಿಳಿಯಾದ ರಸದ ಪಾನಿಪೂರಿಯೇ ಜ್ಞಾಪಕಕ್ಕೆ ಬರುವುದು. ನೋಡುವುದಕ್ಕೆ ಸಪ್ಪೆ, ಬಾಯಿಗಿಟ್ಟರೆ ಕಣ್ಣಿನಲ್ಲಿ ನೀರು. ಅಮೆರಿಕಾದ ಹುಡುಗರು ಇದನ್ನು ಬಹಳ ಮೆಚ್ಚಿದರು.

ಅಲ್ಲಿಂದ ಬಾಡಿಗೆಯ ಮೋಟಾರಿನಲ್ಲಿ ಕೋಲಾರಕ್ಕೆ ಹೋದೆವು. ಕೋಲಾರಮ್ಮನ ಗುಡಿಯಲ್ಲಿ ಚೋಳರ ಕಾಲದ ತಮಿಳು ಶಾಸನಗಳಿರುವುವು. ಚೇಳಿನ ಬಾಧೆಯಿಂದ ಕಾಪಾಡುವಳೆಂದು ಜನರು ನಂಬಿರುವ ಚೇಳಮ್ಮನೂ ಅಲ್ಲಿಯೇ ಇರುವಳು. ವಿಜಯನಗರದ ಶೈಲಿಯ ಸೋಮೇಶ್ವರ ದೇವಾಲಯದ ಕಲ್ಯಾಣ ಮಂಟಪದ ಕಂಬಗಳ ಕೆತ್ತನೆಯನ್ನು ನೋಡುವುದಕ್ಕೆ ಒಂದು ಗಂಟೆ ಸಾಲದು. ಊರ ಪಕ್ಕದ ಶತಶೃಂಗ ಪರ್ವತದಲ್ಲಿ ಅಂತರಗಂಗೆಯ ನೀರು ಕಲ್ಲಿನ ಬಸವನ ಬಾಯಿಂದ ಸುರಿಯುವುದು. ಮಧ್ಯಾಹ್ನದ ಮೇಲೆ ಮುಳಬಾಗಿಲಿನ ಬಳಿಯ ಕುರುಡುಮಲೆಗೆ ಹೋಗಿ, ಹದಿಮೂರು ಅಡಿಗೂ ಮಿಕ್ಕ ಎತ್ತರದ ಏಕಶಿಲೆಯ ಗಣಪತಿಯ ದರ್ಶನ ಮಾಡಿದೆವು. ಸಂಜೆಗೆ ಆವನಿ. ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಶಿವಾಲಯಗಳು ಇಲ್ಲಿ ಒಂದೇ ಪ್ರಾಕಾರದಲ್ಲಿವೆ. ನೊಳಂಬರ ಕಾಲದ ಕೆಲಸ. ಸೀತಾದೇವಿಯು ಲವಕುಶರನ್ನು ಹೆತ್ತುದು ಈ ಬೆಟ್ಟದ ಮೇಲೆಯೇ ಎಂದು ಪ್ರತೀತಿ. ತಾಯಿಯವರು ಕೆಳಗಿನಿಂದಲೇ ಕೈಮುಗಿದರು.

ಮರುದಿನ ಬೆಳಗ್ಗೆ ಬಂಗಾರಪೇಟೆಯಿಂದ ಮಾರಿಕುಪ್ಪದ ಗಾಡಿಯನ್ನು ಹತ್ತಿದೆವು. ಗಣಿಗಾಗಿಯೇ ೧೮೯೪ರಲ್ಲಿ ತೆರೆದ ಕವಲು ದಾರಿಯಿದು. ಉದ್ದ ಹತ್ತು ಮೈಲಿ. ಕೋರಮಂಡಲ್, ಉರಿಗಾಂ, ಚಾಂಪಿಯನ್, ಮಾರಿಕುಪ್ಪ ಎಂದು ನಿಲ್ದಾಣಗಳ ಹೆಸರನ್ನು ತಾಯಿಯವರು ಮಗ್ಗಿಯಂತೆ ಒಪ್ಪಿಸಿದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಿಡಮರಗಳಿಲ್ಲದ ಬೂದು ಬಣ್ಣದ ಗುಡ್ಡಗಳು ಕಾಣಿಸಿಕೊಂಡುವು. “ಇವು ದೇವರು ಮಾಡಿದ ಗುಡ್ಡಗಳಲ್ಲ” ಎಂದರು ತಾಯಿಯವರು.

ಮಾತು ನಿಜ. ಕಲ್ಲನ್ನು ಹಿಟ್ಟುಮಾಡಿ, ಸಯನೈಡ್ ಎಂಬ ವಿಷದ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿಕೊಂಡು, ಉಳಿದ ಮಣ್ಣನ್ನು ರಾಶಿ ಹಾಕಿದುದರಿಂದ ಎದ್ದ ದಿಬ್ಬಗಳಿವು. ಇಂತಹ ಹದಿಮೂರು ದಿಬ್ಬಗಳಲ್ಲಿ ಮೂರು ಕೋಟಿ ಟನ್ನಿಗೂ ಮಿಕ್ಕ ಮಣ್ಣಿರುವುದು. ಗಾಳಿ ಎದ್ದರೆ ಇದರ ಧೂಳು ಮನೆಮನೆಯ ಅಡಿಗೆಯ ಪಾತ್ರೆಯವರೆಗೂ ಬರುವುದು. ೨೦೧೮ರಲ್ಲಿ ತೆರೆಕಂಡ ಪ್ರಸಿದ್ಧ ಚಲನಚಿತ್ರವನ್ನು ಇಲ್ಲಿಯೇ ತೆಗೆದುದರಿಂದ ಅನೇಕ ಯುವಕರು ಈ ದಿಬ್ಬಗಳನ್ನು ನೋಡಲೆಂದೇ ಬರುವರು. ದೂರದಿಂದ ನೋಡುವುದು ಒಳ್ಳೆಯದು. ಮಕ್ಕಳನ್ನು ಮೇಲೆ ಹತ್ತಗೊಡಿಸತಕ್ಕದ್ದಲ್ಲ.

ಈ ಗಣಿಯ ಕಥೆಯನ್ನು ಸಂಗ್ರಹವಾಗಿ ಹೇಳುವೆವು. ಟಿಪ್ಪುವಿನ ಪತನಾನಂತರ ಮೈಸೂರಿನ ಗಡಿಯನ್ನು ಅಳೆಯುತ್ತಿದ್ದ ವಾರನ್ ಎಂಬ ಸೇನಾಧಿಕಾರಿಯು ೧೮೦೨ರಲ್ಲಿ ಇಲ್ಲಿನ ಹಳ್ಳಿಗರಿಂದ ಮಣ್ಣನ್ನು ತೊಳೆಯಿಸಿ ಚಿನ್ನದ ಕಣಗಳನ್ನು ಕಂಡನು. ಎಪ್ಪತ್ತು ವರ್ಷಗಳ ತರುವಾಯ ಆತನ ವರದಿಯನ್ನು ಓದಿದ ಲ್ಯಾವೆಲ್ ಎಂಬ ಐರಿಷ್ ಯೋಧನು ಎತ್ತಿನ ಗಾಡಿಯಲ್ಲಿ ಬಂದು ನೋಡಿ, ೧೮೭೫ರಲ್ಲಿ ಗಣಿ ತೋಡುವ ಹಕ್ಕನ್ನು ಪಡೆದನು. ಅವನ ಕೈಯಲ್ಲಿ ಹಣ ಸಾಲಲಿಲ್ಲ. ೧೮೮೦ರಿಂದ ಜಾನ್ ಟೇಲರ್ ಕಂಪೆನಿಯವರ ಕಾರುಬಾರು ಆರಂಭವಾಯಿತು. ೧೯೫೬ರಲ್ಲಿ ಮೈಸೂರು ಸರ್ಕಾರವೂ ಮುಂದೆ ಕೇಂದ್ರ ಸರ್ಕಾರವೂ ಗಣಿಯನ್ನು ವಹಿಸಿಕೊಂಡುವು. ಸುಮಾರು ೧೨೦ ವರ್ಷಗಳಲ್ಲಿ ಇಲ್ಲಿಂದ ಹೊರಬಂದ ಚಿನ್ನ ೮೦೦ ಟನ್ನಿನಷ್ಟು. ಮೊದಮೊದಲು ಒಂದು ಟನ್ನು ಕಲ್ಲಿಗೆ ಸುಮಾರು ೪೫ ಗ್ರಾಂ ಚಿನ್ನ ದೊರೆಯುತ್ತಿದ್ದುದು ಕಡೆಗೆ ಮೂರು ಗ್ರಾಮಿಗೆ ಇಳಿಯಿತು. ೨೦೦೧ರ ಫೆಬ್ರವರಿ ೨೮ರಂದು ಗಣಿ ಮುಚ್ಚಿತು. ಈಗ ಸುರಂಗಗಳಲ್ಲಿ ನೀರು ತುಂಬಿರುವುದು.

ಚಾಂಪಿಯನ್ ರೀಫ್ ಗಣಿಯ ಕಡೆ, ಬೇಲಿಯ ಈಚೆ ನಿಂತು, ರಾಟೆಗಳನ್ನು ಹೊತ್ತ ಕಬ್ಬಿಣದ ಗೋಪುರವನ್ನು ನೋಡುತ್ತಿದ್ದಾಗ ಅಣ್ಣನವರು ಮಗನನ್ನು ಕೇಳಿದರು: “ಮಹಾಕಣಿವೆಯ ಆಳ ಎಷ್ಟಪ್ಪ?” ಹುಡುಗನು “ಒಂದು ಮೈಲಿಗಿಂತ ಸ್ವಲ್ಪ ಹೆಚ್ಚು” ಎಂದನು. “ಈ ಬಾವಿಯ ತಳ ಸುಮಾರು ಎರಡು ಮೈಲಿ” ಎಂದು ಅಣ್ಣನವರು ಹೇಳಿದಾಗ ಹುಡುಗನು ಸುಮ್ಮನಾದನು. ಆ ಕಣಿವೆಯನ್ನು ಕೊಲರಾಡೊ ನದಿಯು ಲಕ್ಷಾಂತರ ವರ್ಷಗಳಲ್ಲಿ ಕೊರೆಯಿತು. ಈ ಬಾವಿಯನ್ನು ಮನುಷ್ಯರು ಕೈಯಿಂದಲೂ ಮದ್ದಿನಿಂದಲೂ ಕೊರೆದರು. ಆ ಕಣಿವೆಯ ತಳದಲ್ಲಿರುವ ಅತಿ ಪುರಾತನವಾದ ಬಂಡೆಗಳಲ್ಲಿ ಒಂದಕ್ಕೆ ಅಮೆರಿಕಾದವರು ನಮ್ಮ ವಿಷ್ಣುವಿನ ಹೆಸರನ್ನು ಇಟ್ಟಿರುವರು. ಅದರ ವಯಸ್ಸು ಸುಮಾರು ೧೭೫ ಕೋಟಿ ವರ್ಷ. ಕೋಲಾರದ ಚಿನ್ನದ ಬಂಡೆಗಳಿಗಾದರೋ ೨೭೦ ಕೋಟಿ ವರ್ಷದಷ್ಟು ವಯಸ್ಸಾಗಿರುವುದು. ಅಂದು ಇಲ್ಲಿ ಜ್ವಾಲಾಮುಖಿಗಳಿದ್ದುವು. ಪೆದ್ದಪಲ್ಲಿಯ ಬಳಿ ಆ ಕಾಲದ ಶಿಲೆಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಕಾಪಾಡಿರುವರು. ಹೊಲಗಳ ನಡುವೆ ಹೋಗಿ ನೋಡಬಹುದು.

ನಯಾಗರಕ್ಕೂ ಈ ಊರಿಗೂ ಒಂದು ಬಗೆಯ ಸಂಬಂಧ ಉಂಟು. ನಯಾಗರದ ನೀರಿನ ಬಲದಿಂದ ಹುಟ್ಟಿದ ವಿದ್ಯುತ್ತು ಬಫೆಲೊ ನಗರವನ್ನು ತಲಪಿದುದು ೧೮೯೬ರಲ್ಲಿ. ಆರೇ ವರ್ಷಗಳಲ್ಲಿ, ಎಂದರೆ ೧೯೦೨ರಲ್ಲಿ, ದಿವಾನ್ ಶೇಷಾದ್ರಿ ಅಯ್ಯರವರು ಕೈಗೊಂಡಿದ್ದ ಯೋಜನೆಯಂತೆ ಶಿವನಸಮುದ್ರದ ಕಾವೇರಿಯ ವಿದ್ಯುತ್ತು ೯೨ ಮೈಲಿ ತಂತಿಯ ಮೇಲೆ ಹರಿದು ಈ ಗಣಿಗೆ ಬಂದಿತು. ಯಂತ್ರಗಳನ್ನು ಒದಗಿಸಿದುದು ಅಮೆರಿಕಾದ ಜನರಲ್ ಎಲೆಕ್ಟ್ರಿಕ್ ಕಂಪೆನಿ. ಬೆಂಗಳೂರಿನ ಬೀದಿಗೆ ದೀಪ ಬಂದುದು ಇದಾದ ಮೂರು ವರ್ಷಗಳಮೇಲೆ.

ಇನ್ನೊಂದು ಅದ್ಭುತವೂ ಕೆಳಗಿನದೇ. ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣವು ಭೂಮಿಯನ್ನೇ ತೂರಿಕೊಂಡು ಹೋಗಬಲ್ಲುದು. ಆಕಾಶದಿಂದ ಸುರಿಯುವ ಇತರ ಕಣಗಳ ಗದ್ದಲದಲ್ಲಿ ಅದನ್ನು ಗುರುತಿಸುವುದು ಕಷ್ಟ. ಮೇಲಿನ ಬಂಡೆಯೇ ಆ ಗದ್ದಲವನ್ನು ತಡೆಯುವಷ್ಟು ಆಳಕ್ಕೆ ಹೋದರೆ ಅದರ ಸುಳಿವು ಸಿಕ್ಕೀತು. ಮುಂಬಯಿಯ ಟಾಟಾ ಸಂಸ್ಥೆಯ ವಿಜ್ಞಾನಿಗಳು ಜಪಾನು ಇಂಗ್ಲೆಂಡುಗಳ ವಿದ್ವಾಂಸರೊಡನೆ ಸೇರಿ ೧೯೬೫ರಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತನ್ನು ಈ ಗಣಿಯ ಆಳದಲ್ಲಿ ಕಂಡರು. ಲೋಕದಲ್ಲಿ ಅದನ್ನು ಮೊದಲು ಕಂಡ ಎರಡೇ ಸ್ಥಳಗಳಲ್ಲಿ ಇದು ಒಂದು. ಮತ್ತೊಂದು ದಕ್ಷಿಣ ಆಫ್ರಿಕಾದ ಚಿನ್ನದ ಗಣಿ.

ಇಷ್ಟೆಲ್ಲವನ್ನೂ ನಾವು ಹುಡುಗರಿಗೆ ಉತ್ಸಾಹದಿಂದ ವಿವರಿಸುತ್ತಿರುವಾಗ ತಾಯಿಯವರು ಮಾತನಾಡಲಿಲ್ಲ. ಉರಿಗಾಮಿಗೆ ಹಿಂದಿರುಗಿ, ಅವರ ಮನೆಯಿದ್ದ ಸ್ಥಳವನ್ನು ಹುಡುಕಿದೆವು. ಮನೆಯಿರಲಿಲ್ಲ, ಕಲ್ಲಿನ ಮೆಟ್ಟಿಲು ಎರಡು ಉಳಿದಿದ್ದುವು. ಅದರ ಮೇಲೆ ಕುಳಿತು ಅವರು ಹೇಳತೊಡಗಿದರು.

“ಗಣಿಯ ಕೂಗು ಆದರೆ ಅಡಿಗೆ ಹತ್ತಿಸುವುದು, ಇನ್ನೊಂದು ಕೂಗಿಗೆ ಮಲಗುವುದು. ಗಡಿಯಾರವೇ ಬೇಕಿರಲಿಲ್ಲ. ಕೆಲವು ದಿನ ರಾತ್ರಿ ನೆಲ ನಡುಗುವುದು. ಗೂಡಿನಲ್ಲಿಟ್ಟ ಹಿತ್ತಾಳೆಯ ಪಾತ್ರೆಗಳೆಲ್ಲಾ ಗಲಗಲ ಎನ್ನುವುವು. ಕೆಳಗೆ ಬಂಡೆ ಸಿಡಿಯಿತೆಂದು ಅರ್ಥ. ಆಗ ಕೂಲಿ ಲೈನುಗಳಿಂದ ಹೆಂಗಸರು ಮಕ್ಕಳನ್ನು ಸೊಂಟಕ್ಕೆ ಹಾಕಿಕೊಂಡು ಬಾವಿಯ ಬಾಯಿಗೆ ಓಡುವರು. ಪಂಜರ ಮೇಲೆ ಬರುವವರೆಗೂ ಕಾಯುವರು. ನಮ್ಮಮ್ಮನ ಹತ್ತಿರ ದಿನವೂ ಮಜ್ಜಿಗೆಗೆ ಒಬ್ಬಳು ಬರುತ್ತಿದ್ದಳು, ನನ್ನ ವಾರಿಗೆಯ ಮಗಳನ್ನು ಕರೆದುಕೊಂಡು. ಅಂತಹ ಒಂದು ರಾತ್ರಿಯಾದಮೇಲೆ ಅವರಿಬ್ಬರೂ ಬರಲಿಲ್ಲ. ಊರಿಗೆ ಹೊರಟುಹೋದರೆಂದು ಅಮ್ಮ ಹೇಳಿದಳು. ಮಜ್ಜಿಗೆಯ ಚೆಂಬನ್ನು ಬಹಳ ದಿನ ಹಾಗೆಯೇ ಇಟ್ಟಿದ್ದಳು.”

ಬಂಡೆಯ ಬಿಸಿ ೬೦ ಡಿಗ್ರಿಗೂ ಮೇಲಿರುವ ಆಳದಲ್ಲಿ ದುಡಿದವರಲ್ಲಿ ಬಹುಪಾಲು ಜನರು ಉತ್ತರ ಆರ್ಕಾಟು ಮೊದಲಾದ ತಮಿಳು ಜಿಲ್ಲೆಗಳಿಂದ ಬಂದ ಬಡವರು. ಚಿನ್ನವು ಹೊರಗೆ ಹೋಯಿತು. ಅವರ ಮಕ್ಕಳು ಮೊಮ್ಮಕ್ಕಳು ಇಲ್ಲಿಯೇ ಉಳಿದರು. ಹಿಂದಿನ ದಿನ ಎದುರಿನ ಗಾಡಿಯ ಬಾಗಿಲಿಗೆ ಜೋತುಬಿದ್ದಿದ್ದವರು ಅವರೇ. ಗಣಿ ಮುಚ್ಚಿದಮೇಲೆ ಸಾವಿರಾರು ಮಂದಿ ನಿತ್ಯವೂ ನಸುಕಿನಲ್ಲೆದ್ದು ಬೆಂಗಳೂರಿಗೆ ಹೋಗಿ ರಾತ್ರಿ ಹಿಂದಿರುಗುವರು. ಪಕ್ಕದ ಮನೆಯ ಬಾಗಿಲಲ್ಲಿ ಕುಳಿತಿದ್ದ ಮುದುಕರೊಬ್ಬರು ತಾಯಿಯವರ ಮಾತನ್ನು ಕೇಳಿ ಹತ್ತಿರ ಬಂದರು. ಇಪ್ಪತ್ತೆಂಟು ವರ್ಷ ಕೆಳಗೆ ಇಳಿದವರಂತೆ. ತಾಯಿಯವರೂ ಅವರೂ ತಮಿಳಿನಲ್ಲಿ ಅರ್ಧ ಗಂಟೆ ಮಾತನಾಡಿದರು. ಹೊರಡುವಾಗ ಅವರು ಹುಡುಗನ ತಲೆಯ ಮೇಲೆ ಕೈಯಿಟ್ಟು, ಕನ್ನಡದಲ್ಲಿ, “ಎಲ್ಲರೂ ಗುಡ್ಡ ನೋಡಿಕೊಂಡು ಹೋಗುತ್ತಾರೆ ಸ್ವಾಮಿ; ನೀವು ನಮ್ಮನ್ನು ಕೇಳಿದಿರಿ” ಎಂದರು.

ಆ ಗುಡ್ಡಗಳೂ ಎಷ್ಟು ಕಾಲ ಹೀಗೆಯೇ ಇರುವುವೋ! ಅವುಗಳಲ್ಲಿ ಉಳಿದಿರುವ ಚಿನ್ನವನ್ನು ತೆಗೆಯಬೇಕೆಂಬ ಕೇಂದ್ರದ ಪ್ರಸ್ತಾಪಕ್ಕೆ ರಾಜ್ಯದ ಸಚಿವ ಸಂಪುಟವು ೨೦೨೪ರಲ್ಲಿ ಒಪ್ಪಿಗೆ ಕೊಟ್ಟಿತು. ಕೆಲಸ ದೊರೆಯುವುದಾದರೆ ಊರಿನವರಿಗೆ ಸಂತೋಷವೇ. ಆದರೆ ಕೆಳಗೆ ಇಳಿದವರ ನೆನಪು ಗುಡ್ಡಗಳಿಗಿಂತ ಬೇಗ ಕರಗುವುದು. ಅವರಲ್ಲಿ ಕಿರಿಯರಿಗೂ ಈಗ ವಯಸ್ಸಾಗಿದೆ.

ಹೋಗಬಯಸುವ ಗೃಹಸ್ಥರಿಗೆ ಎರಡು ಮಾತು. ಕಾರ್ತಿಕದಿಂದ ಮಾಘದವರೆಗಿನ ತಂಪು ದಿನಗಳು ಉತ್ತಮ. ಗಣಿಯ ಆವರಣಕ್ಕೆ ಅನುಮತಿಯಿಲ್ಲದೆ ಹೋಗಕೂಡದು. ಹಳೆಯ ಬಾವಿಗಳ ಬಳಿ ಮಕ್ಕಳ ಕೈ ಬಿಡಕೂಡದು. ಬಿಡುವಿದ್ದರೆ ಕಮ್ಮಸಂದ್ರದ ಕೋಟಿಲಿಂಗೇಶ್ವರದಲ್ಲಿ ೧೦೮ ಅಡಿಯ ಲಿಂಗವನ್ನೂ, ಗಣಿಯ ಊರಿಗೆ ನೀರನ್ನೊದಗಿಸಿದ ಬೇತಮಂಗಲದ ಪಾಲಾರಿನ ಕೆರೆಯನ್ನೂ ನೋಡಬಹುದು. ಊರಿನಲ್ಲಿ ಹಳೆಯ ಗಣಿ ಕೆಲಸಗಾರರು ಸಿಕ್ಕಿದರೆ ಅವರೊಡನೆ ಕುಳಿತು ಮಾತನಾಡದೆ ಬರಬಾರದು.

ಸಂಜೆಯ ಗಾಡಿಯಲ್ಲಿ ಹಿಂದಿರುಗುವಾಗ ಹಿರಿಯ ಹುಡುಗನು ಅಜ್ಜಿಯ ಪಕ್ಕದಲ್ಲಿ ಕುಳಿತಿದ್ದನು. ಎದುರಿನಿಂದ ಬೆಂಗಳೂರಿನ ಗಾಡಿ ಜನರನ್ನು ತುಂಬಿಕೊಂಡು ಬಂದಿತು. ಅವನು ಕಿಟಕಿಯಿಂದ ಅದು ಮರೆಯಾಗುವವರೆಗೂ ನೋಡಿ, “ಅಜ್ಜಿ, ಆ ಮಜ್ಜಿಗೆಯವಳ ಮಗಳ ಹೆಸರೇನು?” ಎಂದು ಕೇಳಿದನು. ತಾಯಿಯವರು ಹೆಸರು ಹೇಳಿದರು. ಅರುವತ್ತು ಎಪ್ಪತ್ತು ವರ್ಷಗಳಾದರೂ ಅವರು ಅದನ್ನು ಮರೆತಿರಲಿಲ್ಲ.