ಗಾಳಿಯ ಹೊಡೆತ ತಾಳುವ ಗುಂಭ

ಎತ್ತಿನ ಗಾಡಿಯ ಚಕ್ರವನ್ನು ಕಂಡವರಿಗೆಲ್ಲ ಗುಂಭದ ಪರಿಚಯ ಉಂಟು. ಗಾಳಿಯಂತ್ರಕ್ಕೂ ಅಂಥದೊಂದು ಗುಂಭವಿದೆ. ರೆಕ್ಕೆಗಳನ್ನು ಅಚ್ಚಿಗೆ ಕೂಡಿಸುವುದು ಅದೇ. ನೋಡುವವರ ಕಣ್ಣು ರೆಕ್ಕೆಗಳ ಮೇಲೆ. ಇಂಜಿನಿಯರರ ಚಿಂತೆ ಗುಂಭದ ಮೇಲೆ.

1941ರ ಅಕ್ಟೋಬರಿನಲ್ಲಿ ಅಮೆರಿಕದ ವರ್ಮಾಂಟ್ ಸಂಸ್ಥಾನದ ಗ್ರ್ಯಾಂಡ್‌ಪಾಸ್ ನಾಬ್ ಎಂಬ ಬೆಟ್ಟದ ಮೇಲೆ ಒಂದು ಮಹಾಯಂತ್ರ ವಿದ್ಯುತ್ತನ್ನು ಹರಿಸತೊಡಗಿತು. ಪಾಮರ್ ಪಟ್ನಮ್ ಎಂಬ ಇಂಜಿನಿಯರನ ಕನಸು ಅದು. ಹಣ ಹೂಡಿದವರು ಎಸ್. ಮಾರ್ಗನ್ ಸ್ಮಿತ್ ಕಂಪನಿಯವರು. ರೆಕ್ಕೆಗಳು ಎರಡೇ, ಒಂದೊಂದರ ತೂಕ 8 ಟನ್. ತುದಿಯಿಂದ ತುದಿಗೆ 175 ಅಡಿ. ಶಕ್ತಿ 1,250 ಕಿಲೋವ್ಯಾಟ್.

ಇಂಥ ರೆಕ್ಕೆ ಮಿನಿಟಿಗೆ 28 ಸುತ್ತಿಗೂ ಮಿಕ್ಕಿ ತಿರುಗುವಾಗ ಅದರ ಬುಡದ ಪಾಡೇನು? ಕೆಳಗಿಳಿಯುವಾಗ ಸ್ವಂತ ಭಾರವೇ ಬುಡವನ್ನು ಒಂದು ಕಡೆಗೆ ಬಗ್ಗಿಸುತ್ತದೆ. ಮೇಲೇರುವಾಗ ಇನ್ನೊಂದು ಕಡೆಗೆ. ಜತೆಗೆ ಮೇಲಿನ ಗಾಳಿ ಬಿರುಸು, ಕೆಳಗಿನದು ಮಂದ. ಆದುದರಿಂದ ಗಾಳಿಯ ನೂಕೂ ಸುತ್ತು ಸುತ್ತಿಗೆ ಏರಿಳಿಯುತ್ತದೆ. ತಂತಿಯನ್ನು ಹಿಂದುಮುಂದಾಗಿ ಬಗ್ಗಿಸಿ ಮುರಿಯುವುದು ಮಕ್ಕಳಿಗೂ ಗೊತ್ತು. ಇಲ್ಲಿ ಆ ಆಟ ಗಂಟೆಗೆ ಸುಮಾರು 1,700 ಬಾರಿ!

ಪಟ್ನಮನ ಬಳಗ ಹೂಡಿದ ಉಪಾಯ ಕೀಲು. ರೆಕ್ಕೆಯನ್ನು ಗುಂಭಕ್ಕೆ ಬಿಗಿದು ಬಿಡದೆ, ಬಾಗಿಲಿನ ಹಾಗೆ ಕೀಲಿಗೆ ಸಿಕ್ಕಿಸಿದರು. ಬಿರುಗಾಳಿ ಎರಗಿದರೆ ರೆಕ್ಕೆ ತುಸು ಹಿಂದಕ್ಕೆ ವಾಲಿ ಹೊಡೆತವನ್ನು ಕಳೆಯುತ್ತಿತ್ತು. ಸ್ವಂತ ಭಾರದ ಕಾಟಕ್ಕೆ ಮಾತ್ರ ಈ ಕೀಲಿನಲ್ಲಿ ಮದ್ದಿರಲಿಲ್ಲ.

1943ರ ಫೆಬ್ರವರಿಯಲ್ಲಿ ಮುಖ್ಯ ಬೇರಿಂಗ್ ಕೆಟ್ಟಿತು. ಯುದ್ಧಕಾಲ, ಬದಲಿಗೆ ಎರಡು ವರ್ಷ ಕಾಯಬೇಕಾಯಿತು. ಮತ್ತೆ ತಿರುಗಿದ್ದು ಕೆಲವೇ ದಿನ. 1945ರ ಮಾರ್ಚ್ 26ರ ನಸುಕಿನಲ್ಲಿ ಒಂದು ರೆಕ್ಕೆ ಬುಡದಲ್ಲೇ ಮುರಿದು ಸುಮಾರು 750 ಅಡಿ ದೂರ ಹಾರಿಬಿತ್ತು. ಗೋಪುರದ ಮೇಲೆ ಕಾವಲಿದ್ದಾತ ಅದುರಿಗೆ ನೆಲಕ್ಕುರುಳಿದರೂ ಧೈರ್ಯಗೆಡದೆ ಯಂತ್ರವನ್ನು ನಿಲ್ಲಿಸಿದ. ಆ ಭಾಗ ದುರ್ಬಲವೆಂಬುದು ಮೊದಲೇ ತಿಳಿದಿತ್ತು. ಯುದ್ಧದ ಅಭಾವದಲ್ಲಿ ಬಲಪಡಿಸಲು ಆಗಿರಲಿಲ್ಲ. ಇದನ್ನು ಬುದ್ಧಿಯ ಸೋಲೆನ್ನುವುದಕ್ಕಿಂತ ಕಾಲದ ಕೈವಾಡವೆನ್ನುವುದೇ ನ್ಯಾಯ. ಖರ್ಚಿಗೆ ಅಂಜಿ ಕಂಪನಿಯವರು ಕೈಬಿಟ್ಟರು.

ಮುಂದೆ ಜರ್ಮನಿಯ ಉಲ್ರಿಚ್ ಹ್ಯೂಟರ್ 1950ರ ದಶಕದಲ್ಲಿ ನಿಲ್ಲಿಸಿದ 34 ಮೀಟರಿನ ಯಂತ್ರದಲ್ಲಿ ಎರಡೂ ರೆಕ್ಕೆಗಳು ಒಂದಾಗಿ ಏತದ ಮರದಂತೆ ತೂಗಾಡುತ್ತಿದ್ದವು. ಒಂದು ಬಾಗಿದರೆ ಇನ್ನೊಂದು ಮುಂದೆ ಬರುವುದು. ರೆಕ್ಕೆಯ ಗಾಜಿನ ನಾರನ್ನು ಬುಡದ ಬೋಲ್ಟುಗಳಿಗೆ ಸುತ್ತಿ ಮರಳಿ ರೆಕ್ಕೆಯೊಳಕ್ಕೇ ಒಯ್ದ ಅವರ ಜಾಣ್ಮೆ ಬಹಳ ದೊಡ್ಡದು.

ಇಂದಿನ ಮೂರು ರೆಕ್ಕೆಯ ಯಂತ್ರಗಳಲ್ಲಿ ಆ ಕೀಲೂ ಇಲ್ಲ, ತೂಗಾಟವೂ ಇಲ್ಲ. ಗುಂಭವೆಂದರೆ ಎರಕದ ಕಬ್ಬಿಣದ ಟೊಳ್ಳು ಗಡ್ಡೆ. ಬಾಗುವ ಕೆಲಸ ರೆಕ್ಕೆಯದೇ. ಪ್ರತಿಯೊಂದರ ಬುಡದಲ್ಲಿರುವ ದೊಡ್ಡ ಬೇರಿಂಗು, ಗಾಳಿ ಮಿತಿಮೀರಿದಾಗ ರೆಕ್ಕೆಯನ್ನು ಅದರ ನೀಳದ ಸುತ್ತ ಹೊರಳಿಸಿ, ಅಲಗನ್ನು ಗಾಳಿಗೆ ಒಡ್ಡಿ ನಿಲ್ಲಿಸುತ್ತದೆ.